ಮಾರ್ಡರ್‌ನಲ್ಲಿ ಎಷ್ಟು ಮಳೆ?

ಇಲ್ಲದ ಊರಿನಲ್ಲಿ ಮಳೆ ಬೀಳುವುದು ಎಲ್ಲಿ? ಇದಕ್ಕೂ ಉತ್ತರವಿದೆ, ಲೆಕ್ಕ ಹಾಕಿ ತೆಗೆದ ಉತ್ತರ!

2013ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಡ್ಯಾನ್ ಲಂಟ್ ಬಿಡುವಿನ ವೇಳೆಯಲ್ಲಿ ಒಂದು ಸಾಹಸಕ್ಕೆ ಕೈಹಾಕಿದರು. ಕಾದಂಬರಿಕಾರ ಟೋಲ್ಕಿನ್ ಕಲ್ಪಿಸಿದ ಲೋಕ ಮಿಡ್ಲ್ ಅರ್ತ್‌ನ ನಕಾಶೆಯನ್ನು ಸೂಪರ್ ಕಂಪ್ಯೂಟರಿಗೆ ಕೊಟ್ಟರು. ಕರಾವಳಿ ಎಲ್ಲಿ, ಬೆಟ್ಟ ಎಷ್ಟೆತ್ತರ, ಕಡಲು ಎಷ್ಟು ಆಳ, ಇಷ್ಟೇ. ಗಾಳಿ, ಮೋಡ, ಮಳೆ ಯಾವುದನ್ನೂ ಹೇಳಿಕೊಡಲಿಲ್ಲ. ನಮ್ಮ ಭೂಮಿಗೆಂದು ಬರೆದ ಹವಾಮಾನ ಮಾದರಿಯೇ ಎಲ್ಲವನ್ನೂ ಲೆಕ್ಕಹಾಕಿತು. ಅದರ ಒಂದೊಂದು ಚೌಕವೂ ಉತ್ತರ ದಕ್ಷಿಣವಾಗಿ ಸುಮಾರು 275 ಕಿ.ಮೀ. ಪ್ರತಿ ಚೌಕದಲ್ಲೂ ಬಿಸಿಲು ಎಷ್ಟು, ಆವಿ ಎಷ್ಟು, ಗಾಳಿ ಯಾವ ಕಡೆಗೆ ಎಂದು ಲೆಕ್ಕಹಾಕುತ್ತಲೇ ಹೋಗುತ್ತದೆ.

ಆಮೇಲೆ ನೋಡಿ! ಆ ಲೋಕದ ಮಿಸ್ಟಿ ಪರ್ವತಗಳ ಪಶ್ಚಿಮಕ್ಕೆ ಮಳೆ ಹೆಚ್ಚು, ಪೂರ್ವಕ್ಕೆ ಕಡಿಮೆ. ಕಡಲ ಕಡೆಯಿಂದ ಬಂದ ತೇವದ ಗಾಳಿ ಬೆಟ್ಟ ಹತ್ತುತ್ತಾ ತಣ್ಣಗಾಗಿ, ಹೊತ್ತದ್ದನ್ನೆಲ್ಲ ಅಲ್ಲೇ ಸುರಿದು, ಆಚೆ ಬರಿಗೈಯಲ್ಲಿ ಇಳಿಯುತ್ತದೆ. ಮಳೆನೆರಳು! ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆ ಚಳ್ಳಕೆರೆಗೆ ಬರುವಷ್ಟರಲ್ಲಿ ಬತ್ತಿಹೋಗುವುದೂ ಇದೇ ನಿಯಮದಿಂದ. ಬೆಟ್ಟ ಕಲ್ಲಿನದೋ ಕಾಗದದ್ದೋ, ಭೌತಶಾಸ್ತ್ರ ಕೇಳುವುದೇ ಇಲ್ಲ!

ಹಾಬಿಟ್‌ಗಳ ಹಸಿರು ನಾಡಾದ ಶೈರ್‌ನ ಹವೆಗೆ ಭೂಮಿಯ ಮೇಲೆ ಸಾಟಿ ಎಲ್ಲಿ ಎಂದು ಹುಡುಕಿದರೆ ಸಿಕ್ಕಿದ್ದು ಇಂಗ್ಲೆಂಡಿನ ಲಿಂಕನ್‌ಶೈರ್, ಲೆಸ್ಟರ್‌ಶೈರ್. ಜೊತೆಗೆ ನ್ಯೂಜಿಲೆಂಡಿನ ಡುನೆಡಿನ್. ಟೋಲ್ಕಿನ್ ಬಾಲ್ಯ ಕಳೆದದ್ದು ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ, ಅವರ ಕಾದಂಬರಿಯ ಸಿನಿಮಾ ಚಿತ್ರೀಕರಣವಾದದ್ದು ನ್ಯೂಜಿಲೆಂಡಿನಲ್ಲಿ. ಮೈ ಜುಂ ಎನ್ನುವುದಿಲ್ಲವೇ? ದುಷ್ಟ ಸೌರಾನ್ ಆಳುವ ಮಾರ್ಡರ್‌ಗೆ ಹೊಂದಿದ್ದು ಲಾಸ್ ಏಂಜಲೀಸ್, ಪಶ್ಚಿಮ ಟೆಕ್ಸಾಸ್, ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್. ಬಿರುಬಿಸಿಲು, ಅಪರೂಪದ ಮಳೆ.

ಲಂಟ್ ಪ್ರಬಂಧವನ್ನು ಟೋಲ್ಕಿನ್‌ನ ಮಾಂತ್ರಿಕ ರಾಡಗಾಸ್ಟ್‌ನ ಹೆಸರಿನಲ್ಲಿ ಪ್ರಕಟಿಸಿದರು. ಎಲ್ಫ್‌ಗಳ ಭಾಷೆಯಲ್ಲೂ, ಕುಳ್ಳರ ಭಾಷೆಯಲ್ಲೂ! ಇಂಥ ಪ್ರೀತಿಯಿಂದಲೇ ವಿಜ್ಞಾನ ಬೆಳೆಯುವುದು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಆದರೆ ನನ್ನನ್ನು ಅಲ್ಲಾಡಿಸಿದ್ದು ಕಾಡಿನ ಲೆಕ್ಕ. ಡ್ರ್ಯಾಗನ್‌ಗಳು, ಓರ್ಕ್ ರಾಕ್ಷಸರು ಹಾಳುಗೆಡವದಿದ್ದರೆ ಆ ನೆಲದ ಬಹುಭಾಗ ದಟ್ಟ ಕಾಡಾಗಿರುತ್ತಿತ್ತು ಎಂದಿತು ಮಾದರಿ. ಟೋಲ್ಕಿನ್ ಕಾದಂಬರಿಯಲ್ಲಿ ಎಲ್ಫ್‌ಗಳ ನಾಯಕ ಎಲ್ರಾಂಡ್ ಹಳೆಯ ಕಾಲವನ್ನು ನೆನೆಯುತ್ತಾನೆ: ಆಗ ಅಳಿಲೊಂದು ಮರದಿಂದ ಮರಕ್ಕೆ ಹಾರುತ್ತಲೇ ಶೈರ್‌ನ ಕಡೆಯಿಂದ ದೂರದ ಡನ್‌ಲ್ಯಾಂಡ್‌ವರೆಗೂ ಹೋಗಬಹುದಿತ್ತಂತೆ. ಕಾದಂಬರಿಯ ಒಂದು ಪುಟವನ್ನೂ ಓದದ ಯಂತ್ರ ಅದೇ ಕಾಡನ್ನು ಬೆಳೆಸಿ ತೋರಿಸಿತು!