ಮೆರವಣಿಗೆ ಕುದುರೆಯ ಗೊರಸು

ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಕಾಲದಲ್ಲಿ, 1886ರಲ್ಲಿ, ಹೈದರಾಬಾದಿನ ಕುದುರೆ ಪಂದ್ಯ ಮೌಲಾಲಿಯಿಂದ ಮಲಕ್‌ಪೇಟೆಗೆ ಬಂತು. ಅಲ್ಲಿ ಇವತ್ತಿಗೂ ಚಳಿಗಾಲದ ರೇಸಿನಂತೆ ಮುಂಗಾರು ರೇಸೂ ನಡೆಯುತ್ತದೆ. ಗೊರಸಿಗೆ ಕಷ್ಟಕಾಲವೂ ಈ ಮಳೆಗಾಲವೇ.

ಕುದುರೆಯ ಕಾಲೆತ್ತಿ ಅಂಗಾಲು ನೋಡಿದರೆ ನಡುವೆ ತ್ರಿಕೋನಾಕಾರದ ಮೆತ್ತನೆಯ ಭಾಗವೊಂದಿದೆ. ಲಾಳ ಕಟ್ಟುವ ನಾಲ್‌ಬಂದರು ಅದನ್ನು ಪುತ್ಲಿ ಎನ್ನುತ್ತಾರೆ. ಅದರ ಎರಡೂ ಬದಿಯ ಸಂದಿಯಲ್ಲಿ ಲದ್ದಿ, ಗಂಜಳ ನೆನೆದ ಹುಲ್ಲು ಸೇರಿಕೊಂಡು ಗಾಳಿಯಾಡದಿದ್ದರೆ ಕೊಳೆ ಶುರು. ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ: ಕೊಕ್ಕೆಯಿಂದ ಕೆರೆದಾಗ ಕಪ್ಪು ಲೋಳೆ, ಹೊಟ್ಟೆ ತೊಳೆಸುವ ವಾಸನೆ. ದಿನಾ ಹಿಮ್ಮಡಿಯಿಂದ ಮುಂತುದಿಯ ಕಡೆಗೆ ಕೊಕ್ಕೆಯಾಡಿಸಿ ಸಂದಿ ಬಿಡಿಸಿ, ಲಾಯದ ನೆಲ ಒಣಗಿಸಿಟ್ಟರೆ ಇದು ಬರುವುದೇ ಅಪರೂಪ. ರೇಸ್ ಲಾಯಗಳಲ್ಲಿ, ಐಪಿಎಸ್ ತರಬೇತಿಯ ಶಿವರಾಂಪಲ್ಲಿ ಪೊಲೀಸ್ ಅಕಾಡೆಮಿಯ ಲಾಯದಲ್ಲಿ ಈ ಕೆಲಸಕ್ಕೆಂದೇ ಆಳಿರುತ್ತಾರೆ. ಹಳೇ ನಗರದಲ್ಲಿ ಬಾರಾತಿಗೆ, ಅಂದರೆ ವರನ ಮೆರವಣಿಗೆಗೆ, ಹೋಗುವ ಕುದುರೆಗೆ ಆ ಭಾಗ್ಯ ಕಡಿಮೆ. ಈ ಲೇಖನದ ಕಾಳಜಿ ಅದರದ್ದು.

ಗೊರಸು ತಿಂಗಳಿಗೆ ಸುಮಾರು 8ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಲಾಳ ಅದರ ಜೊತೆ ಬೆಳೆಯುವುದಿಲ್ಲ. ಹಾಗಾಗಿ ನಾಲ್ಕರಿಂದ ಆರು ವಾರಕ್ಕೊಮ್ಮೆ ಲಾಳ ಕಿತ್ತು, ಗೊರಸು ಕೊರೆದು, ಮತ್ತೆ ಕಟ್ಟಬೇಕು. ತಡವಾದರೆ ಗೊರಸಿನ ತುದಿ ಉದ್ದವಾಗಿ ಭಾರವೆಲ್ಲ ಹಿಮ್ಮಡಿಗೆ, ಸ್ನಾಯುರಜ್ಜುವಿಗೆ ಬೀಳುತ್ತದೆ; ಗೋಡೆ ಸೀಳುತ್ತದೆ. ಸವೆದು ನುಣುಪಾದ ಕಬ್ಬಿಣದ ಲಾಳ, ರಾತ್ರಿಯ ಡಾಂಬರು ರಸ್ತೆ, ಕಿವಿಗಡಚಿಕ್ಕುವ ಡಿಜೆ ಒಟ್ಟಾದರೆ ಕುದುರೆ ಜಾರುವುದು ಆಶ್ಚರ್ಯವಲ್ಲ.

ನಿನ್ನೆ ಚೆನ್ನಾಗಿ ನಡೆದ ಕುದುರೆ ಇವತ್ತು ಕಾಲೇ ಊರದಿದ್ದರೆ ಮೂಳೆ ಮುರಿಯಿತೆಂದು ಮನೆಯವರು ಗಾಬರಿಯಾಗುತ್ತಾರೆ. ಬಹಳ ಸಲ ಅದು ಗೊರಸಿನೊಳಗಿನ ಕೀವು. ಚೂಪು ಕಲ್ಲು, ತಪ್ಪು ಜಾಗಕ್ಕೆ ಹೊಕ್ಕ ಮೊಳೆ ಸಾಕು. ಗೊರಸು ಮುಟ್ಟಿದರೆ ಬಿಸಿ, ಅದರ ಮೇಲಿನ ಕೀಲಿನ ಹಿಂಬದಿಯಲ್ಲಿ ಬೆರಳಿಟ್ಟರೆ ನಾಡಿ ಜೋರು. ವೈದ್ಯರು ಇಕ್ಕಳದಿಂದ ಒತ್ತಿ ನೋವಿನ ಜಾಗ ಹುಡುಕಿ ಕೀವಿಗೆ ದಾರಿ ಮಾಡಿದರೆ ಕುದುರೆ ಬೇಗನೆ ಕಾಲೂರುತ್ತದೆ. ಆದರೆ ಇಂಥ ಗಾಯದಿಂದ ಬರುವ ಧನುರ್ವಾಯು ಕುದುರೆಗೆ ಬಲುಬೇಗ ತಗಲುವ ರೋಗ, ಲಸಿಕೆ ತಪ್ಪಿಸುವಂತಿಲ್ಲ.

ಹೆಚ್ಚು ಭಯಪಡಬೇಕಾದದ್ದು ಲ್ಯಾಮಿನೈಟಿಸ್‌ಗೆ. ಪಾದದ ಮೂಳೆ ಗೊರಸಿನ ಗೋಡೆಗೆ ಅಂಟಿ ನಿಂತಿರುವುದು ತೆಳು ಪದರಗಳ ಬಲದಿಂದ. ಒಮ್ಮೆಲೇ ಹೆಚ್ಚು ಕಾಳು ತಿಂದರೆ ಆ ಪದರಗಳಿಗೆ ಉರಿಯೂತವಾಗಿ ಮೂಳೆಯೇ ಜಾರಬಹುದು. ವರನ ಕುದುರೆಗೆ ಕಡಲೆಬೇಳೆ ತಿನ್ನಿಸುವ ಶಾಸ್ತ್ರ ಕೆಲವರಲ್ಲಿದೆ. ಒಂದು ಬೊಗಸೆಯಿಂದ ಏನೂ ಆಗದು, ತಟ್ಟೆ ತಟ್ಟೆ ಇಟ್ಟರೆ ಕೇಡು. ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತ ಕುದುರೆ ಕಂಡರೆ ನಡೆಸಲೇಬೇಡಿ. ಗೊರಸಿಗೆ ಮಂಜುಗಡ್ಡೆ ಕಟ್ಟಿ, ವೈದ್ಯರನ್ನು ಆ ಗಳಿಗೆಯಲ್ಲೇ ಕರೆಸಿ.

ಇದಾವುದೂ ಹೊಸ ಸಂಕಟವಲ್ಲ. ಹದಿಮೂರನೇ ಶತಮಾನದ ಕೊನೆಗೆ ಪಾಂಡ್ಯರ ಸೀಮೆ ಕಂಡ ಮಾರ್ಕೊ ಪೋಲೊ, ಹೊರ್ಮುಜ್ ಕಡೆಯಿಂದ ಕುದುರೆ ತರುವ ವರ್ತಕರು ಲಾಳಗಾರರನ್ನು ಮಾತ್ರ ಅಲ್ಲಿಗೆ ಬರಗೊಡುತ್ತಿರಲಿಲ್ಲ ಎಂದು ಬರೆದಿದ್ದಾನೆ. ಆರೈಕೆಯಿಲ್ಲದೆ ಕುದುರೆ ಸತ್ತಷ್ಟೂ ಅವರಿಗೆ ವ್ಯಾಪಾರ. ಇವತ್ತು ನಾಲ್‌ಬಂದರಿದ್ದಾರೆ. ಮದುವೆ ಸೀಸನ್ ಮುಗಿದ ಮೇಲೆ ಅವರನ್ನು ಕರೆಸಲು ಕುದುರೆಯವನ ಕೈಯಲ್ಲಿ ಕಾಸಿರುವುದಿಲ್ಲ, ಅಷ್ಟೇ.

ಬಾಡಿಗೆಗೆ ಹಿಡಿಯುವ ಮನೆಯವರು ಸಂಜೆ ವರ ಏರುವ ಮುನ್ನ ಕುದುರೆಯನ್ನು ಹತ್ತು ಹೆಜ್ಜೆ ನಡೆಸಿ ನೋಡಲಿ. ಹೆಜ್ಜೆಗೆ ತಕ್ಕಂತೆ ತಲೆ ಮೇಲೆ ಕೆಳಗೆ ಆಡುತ್ತಿದ್ದರೆ ಮುಂಗಾಲು ನೋಯುತ್ತಿದೆ ಎಂದೇ ತಿಳಿಯಿರಿ. ವರ ಕಾರಿನಲ್ಲಿ ಹೋಗಲಿ. ಕುದುರೆಯನ್ನು ವಾಪಸ್ ಕಳಿಸುವಾಗ ಮಾತಾಡಿದ ಬಾಡಿಗೆಯನ್ನು ಪೂರಾ ಕೊಟ್ಟೇ ಕಳಿಸಿ. ಆ ತಿಂಗಳ ಲಾಳ ಬರಬೇಕಾದದ್ದು ಆ ದುಡ್ಡಿನಲ್ಲೇ.