ಎಲ್ಲಿ ಕೂತಿದೆ ಈ ಕೆಂಪು ಜೇಡ?

ಕುತ್ತಿಗೆಯ ಬುಡದಲ್ಲೋ ಎದೆಯ ಮೇಲ್ಭಾಗದಲ್ಲೋ ಒಂದು ಚಿಕ್ಕ ಕೆಂಪು ಚುಕ್ಕೆ. ಅದರಿಂದ ಸುತ್ತಲೂ ಹೊರಟ ಎಳೆಎಳೆಯ ಕಾಲುಗಳು. ಅದರ ಮೇಲೆ ಗಾಜಿನ ಲೋಟದ ತಳವನ್ನು ಒತ್ತಿ ಹಿಡಿದರೆ ಜೇಡ ಮಾಯ. ಲೋಟ ತೆಗೆದ ಕೂಡಲೇ ನಡುವಿನಿಂದ ರಕ್ತ ಹೊರಟು ಕಾಲುಗಳು ಮತ್ತೆ ತುಂಬಿಕೊಳ್ಳುತ್ತವೆ. ಚರ್ಮವೈದ್ಯರು ಸ್ಪೈಡರ್ ನೀವಸ್ ಎನ್ನುವುದು ಇದಕ್ಕೇ. ಇದರ ಹೊಟ್ಟೆ ಒಂದು ಪುಟ್ಟ ಅಪಧಮನಿ, ಕಾಲುಗಳು ಅದರಿಂದ ಕವಲೊಡೆದು ಹಿಗ್ಗಿದ ಸೂಕ್ಷ್ಮನಾಳಗಳು.

ಇಂಗ್ಲೆಂಡಿನ ಎರಾಸ್ಮಸ್ ವಿಲ್ಸನ್ 1869ರಲ್ಲಿ ಇದನ್ನು ವರ್ಣಿಸಿದ. ಅಮೆರಿಕದ ವೈದ್ಯ ವಿಲಿಯಂ ಬೆನೆಟ್ ಬೀನ್ 1958ರಲ್ಲಿ ಇದರ ಮೇಲೇ ಒಂದು ಇಡೀ ಪುಸ್ತಕ ಬರೆದ. ಅಷ್ಟು ಬರೆಯುವಂಥದ್ದು ಏನಿದೆ ಎನ್ನಬೇಡಿ. ಈ ಜೇಡ ಸಾಮಾನ್ಯವಾಗಿ ಮುಖ, ಕುತ್ತಿಗೆ, ಎದೆ, ಕೈಗಳಲ್ಲಿ ಕೂರುತ್ತದೆ. ಸೊಂಟದ ಕೆಳಗೆ ಅಪರೂಪ. ಮಕ್ಕಳ ಕೆನ್ನೆಯ ಮೇಲೋ ಕೈಬೆರಳ ಮೇಲೋ ಒಂದೆರಡು ಕಂಡರೆ ಗಾಬರಿ ಬೇಡ, ಎಷ್ಟೋ ಸಲ ತಾವಾಗಿ ಮಾಸುತ್ತವೆ. ಬಸುರಿಯರಲ್ಲಿ ಈಸ್ಟ್ರೊಜೆನ್ ಏರಿದಾಗ ಮೂಡಿದವು ಹೆರಿಗೆಯಾಗಿ ಕೆಲವು ತಿಂಗಳೊಳಗೆ ಹೆಚ್ಚಾಗಿ ಹೋಗುತ್ತವೆ. ಗರ್ಭನಿರೋಧಕ ಮಾತ್ರೆಯಿಂದಲೂ ಬರುವುದುಂಟು.

ಯೋಚಿಸಬೇಕಾದ್ದು ನಡುವಯಸ್ಸಿನ ಗಂಡಸಿನ ಎದೆಯ ಮೇಲೆ ಐದಕ್ಕಿಂತ ಹೆಚ್ಚು ಜೇಡಗಳು ಕಂಡಾಗ. ಈಸ್ಟ್ರೊಜೆನ್ ಗಂಡಸರಲ್ಲೂ ಇದೆ. ಅದನ್ನು ಒಡೆದು ಹೊರಹಾಕುವುದು ಲಿವರಿನ ಕೆಲಸ. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆದಾಗ ಹಾರ್ಮೋನು ರಕ್ತದಲ್ಲೇ ಉಳಿದು ನಾಳಗಳನ್ನು ಹಿಗ್ಗಿಸುತ್ತದೆ. ಅಂಗೈ ಕೆಂಪೇರುವುದು, ಗಂಡಸರ ಸ್ತನ ಉಬ್ಬುವುದು ಕೂಡ ಇದೇ ಏರುಪೇರಿನ ಗುರುತು. ಕುಡಿತ ಒಂದೇ ಕಾರಣವಲ್ಲ. ಹೆಪಟೈಟಿಸ್ ಬಿ ಮತ್ತು ಸಿ ಇವೆ. ಹನಿ ಮದ್ಯ ಮುಟ್ಟದ, ಸಕ್ಕರೆ ಕಾಯಿಲೆಯ, ಹೊಟ್ಟೆ ಬಂದವರ ಕೊಬ್ಬಿದ ಲಿವರೂ ಇದೆ. ನಮ್ಮ ಕಡೆ ಅರಸಿನ ಮುಂಡಿಗೆ, ಅಂದರೆ ಕಾಮಾಲೆ, ಬಂದ ಮೇಲಷ್ಟೇ ಲಿವರಿನ ನೆನಪು, ಅದಕ್ಕೂ ಮೊದಲು ನಾಟಿ ಮದ್ದು. ಕಣ್ಣು ಹಳದಿಯಾಗುವ ಮುಂಚೆಯೇ ಎದೆಯ ಮೇಲೆ ಸೂಚನೆ ಬಿದ್ದಿರಬಹುದು. ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲೋ ಕಾರ್ಕಳದಲ್ಲೋ ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಳ್ಳಲು ಇಷ್ಟು ಕಾರಣ ಸಾಕು.

ಒಂದು ತೊಡಕಿದೆ. ಪಠ್ಯಪುಸ್ತಕದ ಚಿತ್ರಗಳೆಲ್ಲ ಹೆಚ್ಚಾಗಿ ಬಿಳಿ ಚರ್ಮದವು. ಕಾಪುವಿನ ಕಡಲ ಬಿಸಿಲಲ್ಲಿ ದುಡಿದವರ ಎದೆಯ ಮೇಲೆ ಈ ಕೆಂಪು ಅಷ್ಟು ಸುಲಭಕ್ಕೆ ಕಾಣದು. ಅಂಗಿ ಬಿಚ್ಚಿಸಿ, ಹಗಲ ಬೆಳಕಿನಲ್ಲಿ, ಗಾಜು ಒತ್ತಿ ನೋಡುವ ವ್ಯವಧಾನ ಬೇಕು. ಸರದಿ ಉದ್ದವಿದ್ದ ದಿನ ಆ ವ್ಯವಧಾನ ವೈದ್ಯರಿಗೂ ಕಷ್ಟ.

ಕೆನ್ನೆಗಳಲ್ಲಿ ಹರಡಿದ ಕೆಂಪು ಎಳೆಗಳಿಗೆ ಲಿವರನ್ನು ದೂರುವ ಮುಂಚೆ ಕಪಾಟಿನ ಕ್ರೀಮು ನೋಡಿ. ಬೆಳ್ಳಗಾಗಲು, ಮೊಡವೆ ಹೋಗಲು ಎಂದು ಚೀಟಿಯಿಲ್ಲದೆ ಮೆಡಿಕಲ್‌ನಿಂದ ತಂದ ಟ್ಯೂಬಿನಲ್ಲಿ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಇದ್ದರೆ ಅದು ಸ್ಟಿರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಒಳಗಿನ ನಾಳಗಳು ಹಿಗ್ಗಿ ಮೇಲೆ ಕಾಣುತ್ತವೆ. ನಿಲ್ಲಿಸಿದರೆ ಮುಖ ಉರಿಯುತ್ತದೆ, ಅದಕ್ಕೆಂದೇ ಮತ್ತೆ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರಕಾರ ಇಂಥ 14 ಸ್ಟಿರಾಯ್ಡ್‌ಗಳನ್ನು ವೈದ್ಯರ ಚೀಟಿ ಬೇಕಾದ ಪಟ್ಟಿಗೆ ಸೇರಿಸಿತು. ಆದರೂ ಮದುವೆಯ ಸೀಸನ್ನಿನಲ್ಲಿ ಒಬ್ಬರ ಟ್ಯೂಬು ಇನ್ನೊಬ್ಬರ ಮನೆಗೆ ಹೋಗುವುದು ನಿಂತಿಲ್ಲ. ಈ ಕ್ರೀಮಿನ ಚಟ ಬಿಡಿಸಲು ಚರ್ಮವೈದ್ಯರೇ ಬೇಕು.

ಮತ್ತೆ ಜೇಡಕ್ಕೆ ಬಂದರೆ, ಚಿಕಿತ್ಸೆಯಲ್ಲಿ ಗುರಿ ಅದರ ಹೊಟ್ಟೆ. ಸೂಜಿಮೊನೆಯಷ್ಟು ವಿದ್ಯುತ್ ಶಾಖದಿಂದ ನಡುವಿನ ನಾಳವನ್ನು ಮುಚ್ಚಿದರೆ ಕಾಲುಗಳು ತಾವೇ ಬತ್ತುತ್ತವೆ. 595 ನ್ಯಾನೊಮೀಟರ್‌ನ ಡೈ ಲೇಸರ್ ರಕ್ತದ ಕೆಂಪನ್ನು ಹುಡುಕಿ ಸುಡುತ್ತದೆ, ಆದರೆ ಅದರ ಒಂದು ಪಾಲು ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್‌ಗೂ ಬಡಿಯುತ್ತದೆ. ಕೆಂಪು ಹೋಗಿ ಕಪ್ಪು ಕಲೆ ಉಳಿದರೆ ಏನು ಬಂತು? ಮೊದಲು ಚಿಕ್ಕ ಜಾಗದಲ್ಲಿ ಪ್ರಯೋಗಿಸಿ ನೋಡುವಂತೆ ಕೇಳಿ. ಬಸುರಿಯರು ಹೆರಿಗೆಯ ತನಕ ಮಾತ್ರವಲ್ಲ, ಅದರಾಚೆಗೂ ಕೆಲವು ತಿಂಗಳು ಕಾಯುವುದು ಒಳ್ಳೆಯದು.

ತೊಡೆ, ಮಂಡಿಯ ಹಿಂಭಾಗ, ಹರಡಿನ ಸುತ್ತ ಕಾಣುವ ನೀಲಿ ಬಲೆಯ ಕತೆ ಬೇರೆ. ಅದು ಒಂದು ಮಿಲಿಮೀಟರಿಗಿಂತ ಸಪೂರದ ಅಭಿಧಮನಿಗಳದ್ದು. ಮನೆತನದ ಗುಣ, ಬಸಿರು, ತೂಕ, ವಯಸ್ಸು ಎಲ್ಲ ಸೇರುತ್ತವೆ. ಹೋಟೆಲಿನ ಅಡುಗೆಯವರು, ಬಸ್ಸಿನ ಕಂಡಕ್ಟರು, ಶಿಕ್ಷಕಿಯರು ಹೀಗೆ ದಿನವಿಡೀ ನಿಲ್ಲುವವರಿಗೆ ಕಾಲಿನ ಒತ್ತಡವೂ ಇದೆ. ನೋವು, ಬಾವು, ಕಣಕಾಲು ಕಪ್ಪಾಗುವುದು ಇದ್ದರೆ ಮೊದಲು ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ. ಬಲೆಗೆ ಪೊಲಿಡೊಕನಾಲ್ ಎಂಬ ಮದ್ದನ್ನು ಸಪೂರ ಸೂಜಿಯಿಂದ ಚುಚ್ಚಿ ನಾಳದ ಗೋಡೆಗಳನ್ನು ಅಂಟಿಸುತ್ತಾರೆ; ಅದು ಹುಟ್ಟಿದ್ದು ಮರಗಟ್ಟಿಸುವ ಮದ್ದಾಗಿ. ಚುಚ್ಚು ಬೇಡವಾದವರಿಗೆ ಮೆಲನಿನ್‌ಗೆ ಅಷ್ಟಾಗಿ ಸಿಕ್ಕಿಕೊಳ್ಳದ 1064 ನ್ಯಾನೊಮೀಟರ್‌ನ ಲೇಸರ್ ಇದೆ. ಡಾಪ್ಲರಿನಲ್ಲಿ ದೊಡ್ಡ ಅಭಿಧಮನಿಯ ಕವಾಟ ಸೋರುವುದು ಕಂಡರೆ ಅದರ ಚಿಕಿತ್ಸೆ ಮೊದಲು, ಬಲೆಯದು ಆಮೇಲೆ. ಇಲ್ಲವಾದರೆ ಅದೇ ಜಾಗದಲ್ಲಿ ಹೊಸದು ಏಳುತ್ತದೆ.