ತೆರಿಗೆಯೂ ಸಿರಿಯ ಹಂಚಿಕೆಯೂ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಗಾಡಿಯ ಮೇಲೆ ಮೂಟೆ ಎಷ್ಟಿವೆ ಎಂದು ಎಣಿಸುವುದಷ್ಟೇ ಸುಂಕದವನ ಕೆಲಸ. ಗಾಡಿಯವನ ಮನೆಯಲ್ಲಿ ಮಗಳ ಮದುವೆಯೇ ಇರಲಿ, ಎತ್ತು ಸತ್ತಿರಲಿ, ಆ ಮಾತು ಅವನ ಕಿವಿಗೆ ಬೀಳುವುದಿಲ್ಲ. ಊರ ಬಾಗಿಲಲ್ಲಿ ಇಂಥವನು ಕುಳಿತಿರುತ್ತಿದ್ದ ಕಟ್ಟೆಗಳಿಂದಲೇ ಎಷ್ಟೋ ಸ್ಥಳಗಳಿಗೆ ಹೆಸರು ಬಂದಿದೆ. ಬೆಂಗಳೂರಿನ ಪಶ್ಚಿಮಕ್ಕೆ ಸುಂಕದಕಟ್ಟೆ ಇಂದಿಗೂ ಇದೆ; ಆದರೆ ಪಟ್ಟಣಗಳ ಗಡಿಯಲ್ಲಿ ಬಂಡಿ ಲಾರಿಗಳನ್ನು ತಡೆದು ವಸೂಲು ಮಾಡುತ್ತಿದ್ದ ಆಕ್ಟ್ರಾಯ್ ಸುಂಕ ನಮ್ಮ ರಾಜ್ಯದಲ್ಲಿ 1979ರಲ್ಲಿಯೇ ರದ್ದಾಯಿತು.

ಆ ಗಾದೆಯನ್ನೇ ಅಳತೆಗೋಲಾಗಿ ಹಿಡಿದು ನೋಡಿದರೆ ತೆರಿಗೆಗಳೆಲ್ಲ ಎರಡು ಬಗೆಯಾಗಿ ಕಾಣುತ್ತವೆ. ಕೊಡುವವನ ಸುಖದುಃಖವನ್ನು ಕೇಳುವ ತೆರಿಗೆ ಒಂದು, ಕೇಳದ ತೆರಿಗೆ ಇನ್ನೊಂದು. ದೇಶದ ಸಿರಿ ಬೆಳೆಯುವುದೂ ಆ ಸಿರಿ ಹೇಗೆ ಹಂಚಿಹೋಗುತ್ತದೆ ಎಂಬುದೂ ಬಹುಮಟ್ಟಿಗೆ ಈ ಎರಡರ ಮಿಶ್ರಣವನ್ನು ಅವಲಂಬಿಸಿದೆ.

ಕೇಳದ ತೆರಿಗೆಗೆ ದೂರದ ಉದಾಹರಣೆ ಬೇಡ. ಒಂದಾನೊಂದು ಕಾಲದಲ್ಲಿ ಮನೆಯಲ್ಲಿ ರೇಡಿಯೋ ಇಟ್ಟುಕೊಂಡವರೆಲ್ಲರೂ ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಶುಲ್ಕ ಕಟ್ಟಿ ಬರಬೇಕಾಗಿತ್ತು. 1980ರ ದಶಕದ ನಡುವಿನಲ್ಲಿ ಅದು ನಿಂತುಹೋಯಿತು. ಆ ಶುಲ್ಕ ವರ್ಷಕ್ಕೆ 15 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 1,500 ರೂಪಾಯಿ ಸಂಬಳದ ಗುಮಾಸ್ತನಿಗೆ ಅದು ನೂರಕ್ಕೆ ಒಂದು ಪಾಲು. ವರ್ಷಕ್ಕೆ 15,000 ಬರುವ ವರ್ತಕನಿಗೆ ಸಾವಿರಕ್ಕೆ ಒಂದು. ಇಬ್ಬರೂ ಕೇಳುವುದು ಒಂದೇ ಸಂಗೀತ ಕಚೇರಿ, ಒಂದೇ ವಾರ್ತೆ. ಇಬ್ಬರೂ ಕೊಡುವುದು ಒಂದೇ ಮೊತ್ತ. ಆದರೂ ಬಡವನ ಜೇಬಿಗೆ ಬಿದ್ದ ಭಾರ ಹತ್ತು ಪಟ್ಟು ಹೆಚ್ಚು. ಮೊತ್ತದಲ್ಲಿ ಸಮಾನವಾಗಿದ್ದು ಭಾರದಲ್ಲಿ ಅಸಮಾನವಾಗಿರುವ ಇಂಥ ತೆರಿಗೆಯನ್ನು ಅರ್ಥಶಾಸ್ತ್ರಜ್ಞರು ಪ್ರತಿಗಾಮಿ ತೆರಿಗೆ ಎನ್ನುತ್ತಾರೆ. ವಿಜಯನಗರದ ಕಾಲದ ಶಾಸನಗಳಲ್ಲಿ ಮದುವೆ ಸುಂಕವನ್ನು ಬಿಟ್ಟುಕೊಟ್ಟ ದಾಖಲೆಗಳಿವೆ. ಚಪ್ಪರ ಹಾಕಿದವನೆಲ್ಲ ತೆರಬೇಕಾಗಿದ್ದ ಸುಂಕ ಯಾರನ್ನು ಹೆಚ್ಚಾಗಿ ಹಿಂಡುತ್ತಿತ್ತೆಂಬುದನ್ನು ಆ ಅರಸರೂ ಬಲ್ಲವರಾಗಿದ್ದರೆಂದು ಕಾಣುತ್ತದೆ.

ಉಪ್ಪಿನ ತೆರಿಗೆಯಂತೂ ಈ ವರ್ಗದ ಪರಾಕಾಷ್ಠೆ. ಹೊಲದಲ್ಲಿ ಬೆವರು ಸುರಿಸುವವನು ಕುರ್ಚಿಯಲ್ಲಿ ಕುಳಿತವನಿಗಿಂತ ಕಡಮೆ ಉಪ್ಪು ತಿನ್ನುವುದಿಲ್ಲ, ಹೆಚ್ಚೇ ತಿನ್ನಬೇಕು. 1923ರಲ್ಲಿ ಬ್ರಿಟಿಷ್ ಸರ್ಕಾರ ಮಣವೊಂದಕ್ಕೆ ಒಂದೂಕಾಲು ರೂಪಾಯಿ ಇದ್ದ ಉಪ್ಪಿನ ತೆರಿಗೆಯನ್ನು ಎರಡೂವರೆಗೆ ಏರಿಸಲು ಹೊರಟಾಗ ಶಾಸನಸಭೆ ಒಪ್ಪಲಿಲ್ಲ. ವೈಸರಾಯ್ ತಮ್ಮ ವಿಶೇಷಾಧಿಕಾರದಿಂದ ಅದನ್ನು ಜಾರಿಗೆ ತಂದರು. ಗಾಂಧೀಜಿಯವರು 1930ರಲ್ಲಿ ದಂಡಿಗೆ ನಡೆದಾಗ ನಮ್ಮ ಅಂಕೋಲೆಯ ಕಡಲ ತೀರದಲ್ಲಿಯೂ ಅದೇ ಏಪ್ರಿಲ್ ತಿಂಗಳಲ್ಲಿ ಜನ ಉಪ್ಪು ತೆಗೆದರು. ಅಂಕೋಲೆ ಸಿದ್ದಾಪುರಗಳ ಕಡೆ ಮುಂದೆ ಕರನಿರಾಕರಣೆಯೇ ನಡೆದು ಎಷ್ಟೋ ರೈತರು ಹೊಲಮನೆ ಕಳೆದುಕೊಂಡರು. ಉಪ್ಪಿನ ತೆರಿಗೆ ತೊಲಗಿದ್ದು 1947ರಲ್ಲಿ.

ಇನ್ನು ತೆರಿಗೆಗೂ ದೇಶದ ಸಮೃದ್ಧಿಗೂ ಇರುವ ನಂಟು. ಇದಕ್ಕೆ ಬಳ್ಳಾರಿಯ ಕಡೆಯ ಒಂದು ಹಳೆಯ ಸಂಗತಿ ಒಳ್ಳೆಯ ಪಾಠವಾಗಿದೆ. 1800ರಲ್ಲಿ ನಿಜಾಮರಿಂದ ಕಂಪನಿ ಸರ್ಕಾರದ ಕೈಗೆ ಬಂದ ದತ್ತಮಂಡಲಗಳಿಗೆ ಥಾಮಸ್ ಮನ್ರೋ ಕಲೆಕ್ಟರಾಗಿ ಬಂದನು. ಅದಕ್ಕೆ ಮುಂಚೆ ಒಂದು ವರ್ಷ ಕನ್ನಡ ಜಿಲ್ಲೆಯಲ್ಲಿ ಅದೇ ಹುದ್ದೆಯಲ್ಲಿದ್ದವನು. ಏಳು ವರ್ಷ ಊರೂರು ಸುತ್ತಿ, ಹೊಲಗಳನ್ನು ಅಳೆಸಿ, ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ಕಟ್ಟಿದನು. ಕಡೆಗೆ 1807ರಲ್ಲಿ ಅವನು ಕೊಟ್ಟ ಸಲಹೆ ಮೇಲಧಿಕಾರಿಗಳಿಗೆ ವಿಚಿತ್ರವಾಗಿ ತೋರಿರಬೇಕು: ಕಂದಾಯವನ್ನು ನೂರಕ್ಕೆ 25ರಷ್ಟು ಇಳಿಸಿ ಎಂದನು. ಬೆಳೆಯಲ್ಲಿ ರೈತನ ಕೂಲಿ, ಬೀಜ ಕಳೆದು ಉಳಿದದ್ದನ್ನೆಲ್ಲ ಸರ್ಕಾರವೇ ಬಾಚಿಕೊಂಡರೆ ಭೂಮಿಗೆ ಬೆಲೆಯೇ ಹುಟ್ಟುವುದಿಲ್ಲ. ಕೊಳ್ಳುವವರೂ ಇಲ್ಲ, ಅದರ ಮೇಲೆ ಸಾಲ ಕೊಡುವವರೂ ಇಲ್ಲ, ಬಾವಿ ತೋಡುವ ಉತ್ಸಾಹ ಯಾರಿಗೂ ಬಾರದು. ರೈತನ ಕೈಯಲ್ಲಿ ಅಷ್ಟು ಉಳಿದರೆ ಬಿಟ್ಟ ಬೀಳು ಸಾಗುವಳಿಗೆ ಬರುತ್ತದೆ ಎಂಬುದು ಅವನ ವಾದದ ತಿರುಳು. ಆಗ ಆ ಸಲಹೆ ನಡೆಯಲಿಲ್ಲ. 1820ರಲ್ಲಿ ಅವನೇ ಮದರಾಸಿನ ಗವರ್ನರಾಗಿ ಬಂದ ಬಳಿಕ ಇಳಿಕೆ ಜಾರಿಗೆ ಬಂತು.

ಬಂಗಾಳದ ಕಥೆ ಬೇರೆ. ಅಲ್ಲಿ 1793ರ ಶಾಶ್ವತ ಜಮಾಬಂದಿಯಲ್ಲಿ ಜಮೀನ್ದಾರರು ಸರ್ಕಾರಕ್ಕೆ ಕೊಡಬೇಕಾದ ಮೊತ್ತವನ್ನು ಎಂದೆಂದಿಗೂ ಬದಲಾಗದಂತೆ ನಿಗದಿ ಮಾಡಿಬಿಟ್ಟರು. ಸರ್ಕಾರದ ಪಾಲು ಏರದಿದ್ದರೆ ಉತ್ಸಾಹದಿಂದ ಭೂಮಿಯನ್ನು ಸುಧಾರಿಸುವರೆಂದು ಎಣಿಕೆ. ಬೆಳೆ ಬೆಲೆಗಳು ಏರಿದವು; ಏರಿದ ಲಾಭ ಮಾತ್ರ ಉಳುವವನಿಗೆ ಇಳಿಯದೆ ನಡುವಿನವರ ಕೈಯಲ್ಲಿ ನಿಂತಿತು. ತೆರಿಗೆ ಹಗುರವಾದರೆ ಸಾಲದು, ಯಾರಿಗೆ ಹಗುರವಾಯಿತೆಂದು ಕೇಳಬೇಕೆಂಬುದನ್ನು ಈ ಎರಡು ಸೀಮೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ.

ಸುಖದುಃಖ ಕೇಳುವ ತೆರಿಗೆ ಎಂದರೆ ಆದಾಯ ತೆರಿಗೆ. ನಮ್ಮ ದೇಶಕ್ಕೆ ಅದು 1860ರಲ್ಲಿ ಬಂತು. 1857ರ ದಂಗೆಯಿಂದ ಬರಿದಾದ ಬೊಕ್ಕಸವನ್ನು ತುಂಬಲು ಜೇಮ್ಸ್ ವಿಲ್ಸನ್ ಎಂಬಾತ ಅದನ್ನು ತಂದನು. ನಿನಗೆ ಎಷ್ಟು ಬರುತ್ತದೆ ಎಂದು ಕೇಳಿ, ಹೆಚ್ಚು ಬಂದವನಿಂದ ಹೆಚ್ಚಿನ ಪ್ರಮಾಣದಲ್ಲಿ ಕೊಳ್ಳುವುದು ಅದರ ಸ್ವಭಾವ. ಈ ವಿಷಯದಲ್ಲಿ ವಿದ್ಯಾವಂತರಲ್ಲಿಯೂ ಒಂದು ತಪ್ಪು ತಿಳಿವಳಿಕೆ ಇದೆ. ಸಂಬಳ ಹತ್ತು ರೂಪಾಯಿ ಏರಿ ಮೇಲಿನ ಹಂತಕ್ಕೆ ಹೋದರೆ ಇಡೀ ಸಂಬಳಕ್ಕೆ ಮೇಲಿನ ದರ ಬಿದ್ದು ಕೈಗೆ ಬರುವುದು ಕಡಮೆಯಾದೀತೆಂದು ಹೆದರುವವರನ್ನು ನಾನು ಉಪಾಧ್ಯಾಯರ ಕೊಠಡಿಯಲ್ಲಿಯೇ ಕಂಡಿದ್ದೇನೆ. ಹಾಗಲ್ಲ. ಮೊದಲ ಲಕ್ಷಕ್ಕೆ ತೆರಿಗೆಯಿಲ್ಲ, ಎರಡನೆಯ ಲಕ್ಷಕ್ಕೆ ನೂರಕ್ಕೆ 10, ಅದರಾಚೆಗೆ ನೂರಕ್ಕೆ 20 ಎಂದು ಊಹಿಸಿ. ಎರಡು ಲಕ್ಷ ಗಳಿಸಿದವನು 10,000 ತೆರುತ್ತಾನೆ. ಇನ್ನೊಂದು ಸಾವಿರ ಗಳಿಸಿದರೆ ಆ ಸಾವಿರಕ್ಕೆ ಮಾತ್ರ 200 ಹೆಚ್ಚಿಗೆ ತೆತ್ತು 800 ಮನೆಗೆ ಒಯ್ಯುತ್ತಾನೆ. ಆದ್ದರಿಂದ ಮನುಷ್ಯನ ದುಡಿಮೆಯ ಹುಮ್ಮಸ್ಸನ್ನು ತಟ್ಟುವುದು ಕಟ್ಟಕಡೆಯ ನೂರು ರೂಪಾಯಿಯ ಮೇಲೆ ಬೀಳುವ ದರ. ಮುಂದಿನ ಕಥೆಯೆಲ್ಲ ಈ ಕಡೆಯ ನೂರು ರೂಪಾಯಿಯದೇ.

1956ರಲ್ಲಿ ಕೇಂಬ್ರಿಜ್‌ನ ನಿಕೋಲಸ್ ಕಾಲ್ಡರ್ ಎಂಬ ಪ್ರಸಿದ್ಧ ಅರ್ಥಶಾಸ್ತ್ರಜ್ಞರು ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದು ತೆರಿಗೆ ಸುಧಾರಣೆಯ ವರದಿಯನ್ನು ಒಪ್ಪಿಸಿದರು. ಆಸ್ತಿಯ ಮೇಲೆ, ವೆಚ್ಚದ ಮೇಲೆ, ದಾನದ ಮೇಲೆ, ಬಂಡವಾಳದ ಲಾಭದ ಮೇಲೆ ತೆರಿಗೆ ಹಾಕಿ. ಒಂದು ಕಡೆ ಅಡಗಿಸಿದ್ದು ಇನ್ನೊಂದು ಕಡೆ ಸಿಕ್ಕಿಬೀಳುತ್ತದೆ. ಹೀಗೆ ಬಲೆ ಬಿಗಿಯಾದ ಮೇಲೆ ಆದಾಯ ತೆರಿಗೆಯ ಅತಿ ಮೇಲಿನ ದರವನ್ನು ನೂರಕ್ಕೆ 45ಕ್ಕೆ ಇಳಿಸಿ ಎಂದರು. ಔಷಧವನ್ನೂ ಹೇಳಿದರು, ಪಥ್ಯವನ್ನೂ ಹೇಳಿದರು. 1957ರ ಮುಂಗಡಪತ್ರದಲ್ಲಿ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ಆಸ್ತಿ ತೆರಿಗೆಯನ್ನೂ ವೆಚ್ಚ ತೆರಿಗೆಯನ್ನೂ ತಂದರು; ಮರುವರ್ಷ ದಾನ ತೆರಿಗೆ ಬಂತು; ಸತ್ತವರ ಆಸ್ತಿಯ ಮೇಲಿನ ಎಸ್ಟೇಟ್ ಸುಂಕ 1953ರಿಂದಲೇ ಇತ್ತು. ದರ ಮಾತ್ರ 45ರ ಹತ್ತಿರವೂ ಸುಳಿಯಲಿಲ್ಲ. ಔಷಧ ಕುಡಿದು ಪಥ್ಯ ಬಿಟ್ಟಂತಾಯಿತು. ವೆಚ್ಚ ತೆರಿಗೆಯಂತೂ 1962ರಲ್ಲಿ ನಿಂತು, 1964ರಲ್ಲಿ ಮತ್ತೆ ಬಂದು, 1966ರಲ್ಲಿ ಮತ್ತೆ ನಿಂತಿತು.

1970ರ ದಶಕದ ಆದಿಯಲ್ಲಿ ಈ ಏರಿಕೆ ತುದಿ ಮುಟ್ಟಿತು. ಎರಡು ಲಕ್ಷ ರೂಪಾಯಿಗೆ ಮೀರಿದ ಆದಾಯಕ್ಕೆ ನೂರಕ್ಕೆ 85 ತೆರಿಗೆ, ಆ ತೆರಿಗೆಯ ಮೇಲೆ ನೂರಕ್ಕೆ 15 ಸರ್‌ಚಾರ್ಜು, ಒಟ್ಟು 97.75. ನೂರು ರೂಪಾಯಿ ಗಳಿಸಿದರೆ ಗಳಿಸಿದವನಿಗೆ ಉಳಿಯುವುದು ಎರಡೂಕಾಲು ರೂಪಾಯಿ. ಆಸ್ತಿ ತೆರಿಗೆಯನ್ನೂ ಕೂಡಿಸಿದರೆ ಕೆಲವರಿಗೆ ಬಂದದ್ದಕ್ಕಿಂತ ಕೊಡುವುದೇ ಹೆಚ್ಚು. ಆದರೆ ಅದೇ ನೂರು ರೂಪಾಯಿಯನ್ನು ಲೆಕ್ಕದ ಪುಸ್ತಕದಲ್ಲಿ ಬರೆಯದೆ ಹೋದರೆ ನೂರೂ ತನ್ನದೇ. ನಿಷ್ಠೆಗೆ ಎರಡೂಕಾಲು, ಕಳ್ಳತನಕ್ಕೆ ನೂರು ಎಂದು ಸರ್ಕಾರವೇ ಸಾರಿದ ಮೇಲೆ ಸನ್ಯಾಸಿಯ ಮನಸ್ಸೂ ತೂಗಿ ನೋಡೀತು. ನಿವೃತ್ತ ಮುಖ್ಯ ನ್ಯಾಯಾಧೀಶ ಕೆ. ಎನ್. ವಾಂಛೂ ಅವರ ಸಮಿತಿ 1971ರಲ್ಲಿ ಇದನ್ನೇ ಹೇಳಿ, ದರವನ್ನು 75ಕ್ಕೆ ಇಳಿಸಬೇಕೆಂದಿತು. 1974ರಲ್ಲಿ ಅದು 77ಕ್ಕೆ, 1976ರಲ್ಲಿ 66ಕ್ಕೆ, 1985ರಲ್ಲಿ 50ಕ್ಕೆ, 1997ರಲ್ಲಿ 30ಕ್ಕೆ ಇಳಿಯಿತು.

1985ರಲ್ಲಿ ದರ ಇಳಿದರೂ ವಸೂಲಿ ಏರಿತು. ಇಳಿಸಿದ್ದರಿಂದಲೇ ಏರಿತೆಂದು ಕೆಲವರು ಸಂಭ್ರಮಿಸಿದರು. ಅದೇ ಕಾಲದಲ್ಲಿ ವಿ. ಪಿ. ಸಿಂಗ್ ಅವರ ಅಧಿಕಾರಿಗಳು ದೊಡ್ಡ ದೊಡ್ಡ ಮನೆತನಗಳ ಬಾಗಿಲು ತಟ್ಟಿ ಶೋಧ ನಡೆಸುತ್ತಿದ್ದರೆಂಬುದನ್ನು ಮರೆಯುವಂತಿಲ್ಲ. ತೊಂಬತ್ತೇಳರಿಂದ ಐವತ್ತಕ್ಕೆ ಇಳಿದಾಗ ಆದ ಗುಣ ಐವತ್ತರಿಂದ ಮೂವತ್ತಕ್ಕೆ, ಮೂವತ್ತರಿಂದ ಹತ್ತಕ್ಕೆ ಇಳಿದಾಗಲೂ ಆಗುತ್ತದೆಂದು ವಾದಿಸುವುದು, ಒಂದು ಚಮಚ ಉಪ್ಪು ತೆಗೆದಾಗ ಸಾರು ರುಚಿಯಾಯಿತೆಂದು ಎಲ್ಲ ಉಪ್ಪನ್ನೂ ತೆಗೆದಂತೆ.

ಈಗ ಅಸಮಾನತೆಯ ಲೆಕ್ಕ. 1922ರ ಕಾಯಿದೆಯಿಂದ ಮೊದಲಾದ ಆದಾಯ ತೆರಿಗೆಯ ದಾಖಲೆಗಳನ್ನು ಆಧಾರವಾಗಿಟ್ಟುಕೊಂಡು ಲೂಕಾ ಶಾನ್ಸೆಲ್, ತೊಮಾ ಪಿಕೆಟಿ ಎಂಬ ಫ್ರಾನ್ಸಿನ ವಿದ್ವಾಂಸರು ಒಂದು ಅಂದಾಜು ಕಟ್ಟಿದ್ದಾರೆ. 1930ರ ದಶಕದ ಕೊನೆಯಲ್ಲಿ ಭಾರತದ ಒಟ್ಟು ಆದಾಯದಲ್ಲಿ ನೂರಕ್ಕೆ ಸುಮಾರು 21 ಪಾಲು ಅತಿ ಸಿರಿವಂತರಾದ ನೂರಕ್ಕೆ ಒಬ್ಬರಿಗೆ ಸೇರುತ್ತಿತ್ತು; 1980ರ ದಶಕದ ಆದಿಗೆ ಅದು 6ಕ್ಕೆ ಇಳಿಯಿತು; ಬಳಿಕ ಏರುತ್ತ, 2024ರಲ್ಲಿ ಪ್ರಕಟವಾದ ಲೆಕ್ಕದಂತೆ, 2022-23ರಲ್ಲಿ 22.6 ಆಯಿತು. ದರ ಏರಿದಾಗ ಅಸಮಾನತೆ ಇಳಿಯಿತು, ದರ ಇಳಿದಾಗ ಏರಿತು ಎಂದು ಥಟ್ಟನೆ ಹೇಳಿಬಿಡಬಹುದು. ಆದರೆ ಎರಡು ಅಡ್ಡಮಾತುಗಳಿವೆ. ನೂರಕ್ಕೆ 97 ತೆರಿಗೆ ಇದ್ದಾಗ ಸಿರಿವಂತರು ತೋರಿಸಿದ ಆದಾಯವೇ ಕಡಮೆ. ತೆರಿಗೆಯ ದಾಖಲೆಯಿಂದ ಕಟ್ಟಿದ ಲೆಕ್ಕದಲ್ಲಿ ಬಚ್ಚಿಟ್ಟದ್ದು ಹೇಗೆ ಬಂದೀತು? ಜಮೀನ್ದಾರಿಯ ರದ್ದು, ಬ್ಯಾಂಕುಗಳ ರಾಷ್ಟ್ರೀಕರಣ ಮೊದಲಾದವೂ ಆ ಇಳಿಕೆಯಲ್ಲಿ ಕೈಹಾಕಿವೆ. ಇನ್ನೊಂದು, 1950ರಿಂದ 1980ರ ವರೆಗೆ ದೇಶದ ಉತ್ಪನ್ನ ವರ್ಷಕ್ಕೆ ನೂರಕ್ಕೆ ಸುಮಾರು ಮೂರೂವರೆಯಂತೆ ಮಾತ್ರ ಬೆಳೆಯಿತು. ಹಂಚಿಕೆಯ ಓರೆಕೋರೆ ಕಡಮೆಯಾದರೂ ಹಂಚುವ ರೊಟ್ಟಿಯೇ ಚಿಕ್ಕದಾಗಿತ್ತು. ಅದಕ್ಕೆ ತೆರಿಗೆಯೊಂದೇ ಕಾರಣವಲ್ಲ. ಪರ್ಮಿಟ್ಟು ಲೈಸೆನ್ಸುಗಳ ಬಿಗಿಯನ್ನು ಎಲ್ಲರೂ ಬಲ್ಲರು.

ಇಷ್ಟಾದರೂ ಒಂದು ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ದುಡಿದು ಗಳಿಸಿದ್ದರ ಮೇಲಿನ ದರ ಇಳಿಸಿದ್ದು ಸರಿ. ದುಡಿಯದೆ ಬಂದದ್ದರ ಮೇಲಿನ ತೆರಿಗೆಯನ್ನೂ ಒಂದೊಂದಾಗಿ ತೆಗೆದುಹಾಕಿದೆವು. ಎಸ್ಟೇಟ್ ಸುಂಕ 1985ರಲ್ಲಿ ಹೋಯಿತು, ದಾನ ತೆರಿಗೆ 1998ರಲ್ಲಿ, ಆಸ್ತಿ ತೆರಿಗೆ 2015ರ ಮುಂಗಡಪತ್ರದಲ್ಲಿ. ಎಸ್ಟೇಟ್ ಸುಂಕದಿಂದ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 20 ಕೋಟಿ ಮಾತ್ರ, ವಸೂಲಿಯ ಖರ್ಚೇ ಹೆಚ್ಚು ಎಂಬುದು ಆಗ ಕೊಟ್ಟ ಕಾರಣ. ಅತಿ ಮೇಲಿನ ದರ 85 ಇಟ್ಟು, ನೂರು ಸಂದುಗಳನ್ನು ಬಿಟ್ಟ ಮೇಲೆ 20 ಕೋಟಿಗಿಂತ ಹೆಚ್ಚು ಬರುವುದೆಂತು? ಹಗುರವಾದ ದರ, ಸಂದಿಲ್ಲದ ಕಾನೂನು, ಈ ಎರಡನ್ನು ಕೂಡಿಸಿ ಒಮ್ಮೆಯೂ ನೋಡದೆ ಔಷಧವೇ ಕೆಟ್ಟದ್ದೆಂದು ತೀರ್ಮಾನಿಸಿದ್ದಾಯಿತು.

ವಸ್ತುಗಳ ಮೇಲಿನ ತೆರಿಗೆಯ ಮಾತಿಗೆ ಬಂದರೆ, 2017ರ ಜುಲೈ 1ರಿಂದ ಜಿ. ಎಸ್. ಟಿ. ದೇಶಕ್ಕೆಲ್ಲ ಒಂದಾಯಿತು. ಆದಾಯ ತೆರಿಗೆ ಕೊಡುವವರು ಜನಸಂಖ್ಯೆಯಲ್ಲಿ ಅಲ್ಪ ಭಾಗ. ಇದನ್ನಾದರೋ ಸೋಪು ಕೊಳ್ಳುವ ಕೂಲಿಯವಳೂ ಕೊಡುತ್ತಾಳೆ. ಬಡವರು ತೆರಿಗೆಯೇ ಕೊಡುವುದಿಲ್ಲವೆಂದು ಹೇಳುವವರು ಅಂಗಡಿಯ ರಸೀತಿಯನ್ನು ಒಮ್ಮೆ ಓದಬೇಕು. ಅಂಗಡಿಯ ತೆರಿಗೆ ಸುಖದುಃಖ ಕೇಳಲಾರದಾದರೂ ಸರಕನ್ನು ಕೇಳಬಲ್ಲದು. 2025ರ ಸೆಪ್ಟೆಂಬರ್ 22ರಿಂದ ಸೋಪು, ಹಲ್ಲುಪುಡಿಗಳಂಥ ದಿನಬಳಕೆಯ ಸಾಮಾನಿಗೆ ನೂರಕ್ಕೆ 5, ಹೆಚ್ಚಿನ ವಸ್ತುಗಳಿಗೆ 18, ಕೆಲವು ಭೋಗವಸ್ತುಗಳಿಗೆ 40 ಎಂದು ದರಗಳನ್ನು ಮರಳಿ ಜೋಡಿಸಿದ್ದು ಈ ಲೆಕ್ಕದಿಂದಲೇ. ಉಪ್ಪಿಗೆ ತೆರಿಗೆ ಇಲ್ಲ.

ಸಂಸ್ಕೃತದಲ್ಲಿ ಕರ ಎಂದರೆ ತೆರಿಗೆ. ಕೈ ಎಂದೂ ಅರ್ಥ, ಕಿರಣ ಎಂದೂ ಅರ್ಥ. ಸೂರ್ಯನು ಕಿರಣಗಳಿಂದ ನೀರು ಹೀರಿ ಮಳೆಯಾಗಿ ಹಿಂದಿರುಗಿಸುವಂತೆ ರಾಜನು ತೆರಿಗೆ ಕೊಳ್ಳಬೇಕೆಂದು ನಮ್ಮ ಹಿಂದಿನ ಕವಿಗಳು ವರ್ಣಿಸುತ್ತಿದ್ದರು. ಸೊಗಸಾದ ಉಪಮೆ, ಆದರೆ ಮಳೆ ಎಲ್ಲಿ ಬೀಳುತ್ತದೆ ಎಂಬುದನ್ನೂ ನೋಡಬೇಕು. ಹೀರಿದ್ದು ಕೆರೆಯಿಂದ, ಸುರಿದದ್ದು ಕಡಲಿಗೆ ಆದರೆ ಊರಿಗೇನು ಬಂತು? 2002ರಲ್ಲಿ ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹದ ಮಧ್ಯಾಹ್ನದ ಊಟ ಯಾವ ಕೂಲಿಯವನ ಆದಾಯದ ಲೆಕ್ಕದಲ್ಲಿಯೂ ಕಾಣುವುದಿಲ್ಲ. ಆದರೂ ಎರಡು ಮಕ್ಕಳ ಒಂದು ಹೊತ್ತಿನ ಅನ್ನ ಆ ಮನೆಯ ಸಂಪಾದನೆಗೆ ಕೂಡಿದಂತೆಯೇ. ಮಧ್ಯಾಹ್ನದ ಗಂಟೆಯ ಮೇಲೆ ತರಗತಿಯಲ್ಲಿ ನಿದ್ದೆಯಿಂದ ತೂಗುವ ಮಗುವಿಗೂ ಹಸಿವಿನಿಂದ ತೂಗುವ ಮಗುವಿಗೂ ಇರುವ ಭೇದವನ್ನು ಉಪಾಧ್ಯಾಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪಟ್ಟಣದವರಾದ ನಮಗೆ ಕಣ್ಣೆದುರಿಗೇ ಇರುವ ಇನ್ನೊಂದು ತೆರಿಗೆ ಮನೆಕಂದಾಯ. ಬೆಂಗಳೂರಿನಲ್ಲಿ 2000ದಲ್ಲಿ ಮನೆಯವರೇ ತಮ್ಮ ಮನೆಯ ಕಂದಾಯವನ್ನು ಲೆಕ್ಕಹಾಕಿ ಕಟ್ಟುವ ಸ್ವಯಂಘೋಷಣೆಯ ಪದ್ಧತಿಯನ್ನು ತಂದಾಗ ವಸೂಲಿ ಏರಿತು. ಅಳೆಯಲು ಬರುತ್ತಿದ್ದವನೊಡನೆ ಬಾಗಿಲಲ್ಲಿ ನಡೆಯುತ್ತಿದ್ದ ಚೌಕಾಸಿ ತಪ್ಪಿತು. ಲೆಕ್ಕದ ಸೂತ್ರ ಎಲ್ಲರಿಗೂ ತಿಳಿಯಿತು. ಪಕ್ಕದ ಮನೆಯವನು ಎಷ್ಟು ಕಟ್ಟಬೇಕೆಂಬುದನ್ನು ತಾನೇ ಕೂಡಿ ನೋಡಬಹುದಾಯಿತು. ಕಟ್ಟಿದ ಹಣದಲ್ಲಿ ತನ್ನ ಬೀದಿಯ ದೀಪಕ್ಕೆ, ಚರಂಡಿಗೆ ಎಷ್ಟು ಬಂತೆಂದು ಕೂಡಿ ನೋಡುವ ಸೂತ್ರ ಮಾತ್ರ ಇನ್ನೂ ಮನೆಯವನ ಕೈಗೆ ಬಂದಿಲ್ಲ.